ಎರಡು ದಿನ ಮುಂದಿದ್ದ ಮನೆ

ವಿಲ್ಮಿಂಗ್ಟನ್ ಹತ್ತಿರ, ನಾರ್ತ್ ಕೆರೊಲಿನಾ
ಶುಕ್ರವಾರ, 16 ಜೂನ್ 1995

ವರಲಕ್ಷ್ಮೀ,

ಅಮ್ಮನೂ ನಾನೂ ಸುಖವಾಗಿ ತಲುಪಿದ್ದೇವೆ. ವಿಮಾನದಲ್ಲಿ ಅಷ್ಟು ಹೊತ್ತೂ ಅಮ್ಮ ಕಾಲು ಚಾಚಲಿಲ್ಲ. ಮುಂದಿನ ಸೀಟಿನಲ್ಲಿದ್ದವರು ಯಾರೋ ಹಿರಿಯರಂತೆ, ತಾಕಿದರೆ ಪಾಪವಂತೆ. ಆ ಹಿರಿಯರು ಮಾತ್ರ ಸೀಟನ್ನು ಹಿಂದಕ್ಕೆ ಒರಗಿಸಿ ಅಮ್ಮನ ಮಡಿಲಲ್ಲೇ ಮಲಗಿದಂತೆ ಮಲಗಿದ್ದರು.

ಅಕ್ಕ ಈಗ ಇರುವುದು ಫೋಟೋದಲ್ಲಿ ನೀನು ನೋಡಿದ ಕ್ಯಾರಿ ಊರಿನ ಮನೆಯಲ್ಲ. ಭಾವ ಶ್ರೀಕಂಠಯ್ಯನವರು ಅಲ್ಲಿ ಇಪ್ಪತ್ತಾರು ವರ್ಷ ಎಂಜಿನಿಯರಾಗಿ ದುಡಿದು, ರಿಟೈರಾದ ಮೇಲೆ ಅದನ್ನು ಮಾರಿ, ಸಮುದ್ರದಿಂದ ಕೂಗಳತೆ ದೂರದಲ್ಲಿ ಇದನ್ನು ಕಟ್ಟಿಸಿದ್ದಾರೆ. ಮಗ ಶಶಾಂಕ್ ಸ್ಟರ್ಲಿಂಗ್‌ನಲ್ಲಿ, ಕಾರಿನಲ್ಲಿ ಆರು ಗಂಟೆ. ಈ ಬೀದಿಯಲ್ಲಿ ಎಲ್ಲರೂ ರಿಟೈರಾದವರೇ. ಹಗಲೆಲ್ಲ ಹುಲ್ಲು ಕತ್ತರಿಸುತ್ತಾರೆ. ಹುಲ್ಲೂ ಅಷ್ಟೇ ನಿಷ್ಠೆಯಿಂದ ಬೆಳೆಯುತ್ತದೆ.

ಭಾವನಿಗೆ ನಾವೇ ಈಗ ಉದ್ಯೋಗ. ಬೆಳಿಗ್ಗೆ ಒಂಬತ್ತಕ್ಕೆ ಕೀ ಝಣಝಣಿಸುತ್ತಾರೆ. ಅಂದರೆ ಹೊರಡಬೇಕು. ಒಂದು ದಿನ ಲೈಟ್‌ಹೌಸು, ಒಂದು ದಿನ ಕಾರುಗಳನ್ನೇ ಹೊತ್ತು ನದಿ ದಾಟಿಸುವ ಫೆರ್ರಿ, ಒಂದು ದಿನ ಮೀನು ಹಿಡಿಯುವವರ ಕಟ್ಟೆ. ಮೀನು ತಿನ್ನದ ನಾಲ್ಕು ಜನ ಒಂದು ಗಂಟೆ ನಿಂತು ಮೀನುಗಳನ್ನು ನೋಡಿದೆವು. ಅವೂ ನಮ್ಮನ್ನು ನೋಡಿದವು. ಯಾರಿಗೂ ಏನೂ ಲಾಭವಾಗಲಿಲ್ಲ.

ಹತ್ತಿದರೆ ಕಾರು, ಇಳಿದರೆ ನೀರು,
ನಡುವೆ ಉಸಿರಾಡಲು ಬಿಡುವವರು ಯಾರು?

ಅಕ್ಕನಿಗೆ ಡ್ರೈವಿಂಗ್ ಬಾರದು, ಆದರೆ ಮುಂದಿನ ಸೀಟಿನಲ್ಲಿ ಕೂತು ಮಾತು ನಿಲ್ಲಿಸುವುದಿಲ್ಲ. "ನೋಡಿ, ಈ ಸಿಗ್ನಲ್ಲು ಎಷ್ಟು ಚೆನ್ನಾಗಿ ಕೆಂಪಗಿದೆ" ಎನ್ನುತ್ತಾಳೆ. ಭಾವ ನಿಲ್ಲಿಸುತ್ತಾರೆ. "ಎಡಗಡೆ ರಸ್ತೇಲಿ ಎಂಥಾ ಹೂವು ರೀ" ಎನ್ನುತ್ತಾಳೆ. ಭಾವ ಎಡಕ್ಕೆ ತಿರುಗುತ್ತಾರೆ. ಮದುವೆಯಾಗಿ ಮೂವತ್ತೈದು ವರ್ಷವಾದ ಮೇಲೂ ಇಷ್ಟು ಮಾತಿದೆಯಲ್ಲ ಎಂದು ನನಗೆ ಹೊಟ್ಟೆಕಿಚ್ಚು.

ನೀನು ಕೊಟ್ಟು ಕಳಿಸಿದ ಕ್ಯಾಲೆಂಡರ್, ಅದೇ ದಿನಕ್ಕೊಂದು ಹಾಳೆ ಹರಿಯುವಂಥದ್ದು, ಭಾವನಿಗೆ ಪ್ರಾಣ. ಅಡುಗೆಮನೆ ಗೋಡೆಗೆ ಮೊಳೆ ಹೊಡೆದು ನೇತುಹಾಕಿದ್ದಾರೆ. ಬೆಳಿಗ್ಗೆ ಎದ್ದು, ಕಾಫಿ ಕುಡಿದು, ಹಾಳೆ ಹರಿದು, ತಿಥಿಯನ್ನು ಗಟ್ಟಿಯಾಗಿ ಓದಿದ ಮೇಲೇ ಈ ಮನೆಗೆ ಬೆಳಗಾಗುವುದು. ಓದುವುದು ಭಕ್ತಿಗಲ್ಲ. ಇಲ್ಲಿ ಸಮುದ್ರದ ಉಬ್ಬರ ಇಳಿತದ ಪಟ್ಟಿಯನ್ನು ಅಂಗಡಿಯಲ್ಲಿ ಪುಕ್ಕಟೆ ಕೊಡುತ್ತಾರೆ. ಭಾವನಿಗೆ ಅದು ಬೇಡ. "ಅಮಾವಾಸ್ಯೆಗೂ ಹುಣ್ಣಿಮೆಗೂ ಮಧ್ಯಾಹ್ನ ಎರಡಕ್ಕೆ ನೀರು ಪೂರ್ತಿ ಇಳಿಯುತ್ತೆ ವೇಣು. ಅಲ್ಲಿಂದ ತಿಥಿಗೆ ಮುಕ್ಕಾಲು ಗಂಟೆ ಸೇರಿಸ್ತಾ ಹೋಗು. ನಮ್ಮೋರ ತಿಥಿ ಇದ್ರೆ ಇವರ ಪಟ್ಟಿ ಯಾಕೆ?"

ಮೊನ್ನೆ ಹುಣ್ಣಿಮೆಗೆ ಪರೀಕ್ಷೆಯೂ ಆಯಿತು. ದಡದಿಂದ ಎರಡು ಫರ್ಲಾಂಗು ಆಚೆ ಒಂದು ಮರಳ ದಿಬ್ಬವಿದೆ. ನೀರು ಇಳಿದಾಗ ಅಲ್ಲಿಗೆ ನಡೆದೇ ಹೋಗಬಹುದು. ಒಂದೂವರೆಗೆ ಹೊರಟೆವು, ಪಾದ ಮಾತ್ರ ನೆನೆಯಿತು. ಅಮ್ಮ ಅಲ್ಲಿ ಕುರ್ಚಿಯಲ್ಲಿ ಕೂತು, ಸುತ್ತಲೂ ಸಮುದ್ರ ನೋಡಿ, "ಅಳಿಯಂದಿರು ನಮ್ಮನ್ನ ಎಲ್ಲಿಗೆ ತಂದು ಕೂರಿಸಿದ್ರು ನೋಡೋ" ಎಂದರು. ಮೂರಕ್ಕೆ ವಾಪಸು. ಮುಂದಿನ ಸಲ ಮೊಸರನ್ನ ಕಟ್ಟಿಕೊಂಡು ಹೋಗುವ ಏರ್ಪಾಡಿದೆ.

ಅಮೂಲ್ಯಾಗೆ ಓದಲು ಹೇಳು. ನಾನು ಹೇಳಿದೆ ಎನ್ನಬೇಡ, ಓದುವುದಿಲ್ಲ.

ನಿನ್ನ,
ವೇಣುಗೋಪಾಲ

*

ಮೈಸೂರು
ಬುಧವಾರ, 28 ಜೂನ್ 1995

ಏನ್ರೀ,

16ನೇ ತಾರೀಖಿನ ಮುದ್ರೆ ಬಿದ್ದ ನಿಮ್ಮ ಕಾಗದ ನಿನ್ನೆ ಬಂತು. ಹನ್ನೊಂದು ದಿನ. ಪರವಾಗಿಲ್ಲ, ನಮ್ಮ ಇಲಾಖೆ ನಂಜನಗೂಡಿಗೇ ಕೆಲವು ಸಲ ಅಷ್ಟು ತಗೊಳ್ಳುತ್ತೆ. ಹತ್ತೊಂಬತ್ತು ವರ್ಷ ಅಂಚೆ ಕಚೇರಿಯಲ್ಲಿ ಕೂತು ನನಗೆ ಅದೇ ಚಾಳಿ. ಮೊದಲು ಮುದ್ರೆ ಓದ್ತೀನಿ, ಆಮೇಲೆ ನಿಮ್ಮ ಪ್ರಾಸ.

ಅಮೂಲ್ಯಾಳ ಸೈನ್ಸ್ ಟ್ಯೂಷನ್ ಶುರುವಾಗಿದೆ. ಪಕ್ಕದ ಮನೆ ಚನ್ನಮ್ಮನವರು ಅತ್ತೆ ಯಾವಾಗ ಬರ್ತಾರೆ ಅಂತ ದಿನಾ ಕೇಳ್ತಾರೆ. ಪ್ರೀತಿಯಿಂದ ಅಂದ್ಕೋಬೇಡಿ, ಹಪ್ಪಳದ ಹಿಟ್ಟು ಕಲೆಸಿಟ್ಟು ಕೂತಿದ್ದಾರೆ.

ಒಂದು ಮಾತು. ಅತ್ತಿಗೆ ಕಾರಿನಲ್ಲಿ ಮಾತಾಡೋದು ಮಾತಿನ ಚಪಲಕ್ಕೇ ಅಂತ ನೀವು ಹೇಗೆ ತೀರ್ಮಾನ ಮಾಡಿದ್ರಿ? ನಾನು ಕಂಡಂತೆ ಅವರು ನಮ್ಮ ಮದುವೆ ಮನೆಯಲ್ಲಿ ನಾಲ್ಕು ದಿನಕ್ಕೆ ನಾಲ್ಕು ಮಾತಾಡಿದವರು. ಸಿಗ್ನಲ್ಲು ಕೆಂಪಗಿದೆ ಅಂತ ಯಾರಾದರೂ ಹೊಗಳ್ತಾರಾ? ನಿಮ್ಮ ಭಾವನವರ ಕಣ್ಣು ಸರಿಯಾಗಿದೆಯಾ ಕೇಳಿ. ಕೇಳೋಕಾಗದಿದ್ದರೆ ನೋಡಿ.

ಅತ್ತೆಗೆ ಮಂಡಿ ನೋವಿನ ಎಣ್ಣೆ ಕಪ್ಪು ಚೀಲದ ತಳದಲ್ಲಿದೆ.

ವರಲಕ್ಷ್ಮಿ

*

ವಿಲ್ಮಿಂಗ್ಟನ್ ಹತ್ತಿರ
ಬುಧವಾರ, 12 ಜುಲೈ 1995

ವರಲಕ್ಷ್ಮೀ,

ನಿನ್ನ ಕಾಗದ ಬಂತು. ಭಾವನ ಕಣ್ಣು ನನ್ನದಕ್ಕಿಂತ ಚೆನ್ನಾಗಿದೆ, ಅರ್ಧ ಮೈಲಿ ದೂರದ ಹಡಗಿನ ಹೆಸರು ಓದುತ್ತಾರೆ. ಅಂಚೆಯವರಿಗೆ ಎಲ್ಲ ಲಕೋಟೆಯೊಳಗೂ ಬಾಂಬು ಕಾಣುತ್ತದೆ.

ಈ ಮನೆಯಲ್ಲಿ ವಾರದ ಲೆಕ್ಕವೇ ತಪ್ಪಿಹೋಗುತ್ತದೆ. ಟಿವಿ ಕೆಟ್ಟು ತಿಂಗಳಾಯಿತಂತೆ. ಪೇಪರು ನಿಲ್ಲಿಸಿದ್ದಾರಂತೆ. "ಯಾಕಕ್ಕ?" ಎಂದರೆ "ಇವರು ಓದಿ ಓದಿ ಸಿಟ್ಟು ಮಾಡ್ಕೋತಾರೆ ಕಣೋ" ಎಂದಳು. ಹಾಗಾಗಿ ಗೋಡೆಯ ಹಾಳೆ ನೋಡಿಯೇ ಈ ಕಾಗದಕ್ಕೆ ತಾರೀಖು ಹಾಕಿದ್ದೇನೆ. ಭಾವ ಅದನ್ನು ಎಷ್ಟು ಶ್ರದ್ಧೆಯಿಂದ ಹರಿಯುತ್ತಾರೆಂದರೆ, ಮಧ್ಯಾಹ್ನ ಮಲಗಿ ಎದ್ದು ಕಾಫಿ ಕುಡಿದ ಮೇಲೂ ಕೈ ಗೋಡೆಯತ್ತ ಹೋಗುತ್ತದೆ. ಅಕ್ಕ ಇದ್ದರೆ "ಆಯ್ತಲ್ಲ, ಬನ್ನಿ" ಎಂದು ಕರೆಯುತ್ತಾಳೆ. ಅವಳು ಹಿತ್ತಲಲ್ಲಿದ್ದರೆ ಯಾರು ಕರೆಯಬೇಕು? ಅಮ್ಮ ಅಳಿಯನ ಜೊತೆ ನೇರ ಮಾತಾಡುವವರಲ್ಲ, ನಾನು ಭಾವನಿಗೆ ಬುದ್ಧಿ ಹೇಳುವವನಲ್ಲ.

ಈ ದೇಶದ ಚಮತ್ಕಾರ ಕೇಳು. ಇವರ ಸ್ವಾತಂತ್ರ್ಯ ದಿನ ಜುಲೈ ನಾಲ್ಕು ಎಂದು ಓದಿದ್ದೆ, ಪಟಾಕಿ ಹಾರಿಸಿದ್ದು ಐದಕ್ಕೆ. "ಮಳೆ ಬಂದ್ರೆ ಮುಂದಕ್ಕೆ ಹಾಕ್ತಾರೆ" ಎಂದರು ಭಾವ. ಮೊನ್ನೆ ಸೋಮವಾರ ಬ್ಯಾಂಕಿಗೆ ಹೋದರೆ ಬಾಗಿಲು ಹಾಕಿದೆ. ನಿನ್ನೆ ಮಂಗಳವಾರ ಬೆಳಿಗ್ಗೆ ಬೀದಿಯ ಮುದುಕರೆಲ್ಲ ಕೋಟು ಹಾಕಿಕೊಂಡು ಚರ್ಚಿಗೆ ಹೊರಟಿದ್ದರು. ಎಂಥ ದೈವಭಕ್ತರು!

ಸೋಮವಾರ ರಜೆ, ಮಂಗಳವಾರ ಪೂಜೆ,
ಈ ದೇಶದಲ್ಲಿ ದುಡಿಯುವುದೇ ಒಂದು ಸಜೆ.

ಎಂಟನೇ ತಾರೀಖು ಪ್ರಥಮ ಏಕಾದಶಿ ಎಂದು ಭಾವ ಹಾಳೆ ಓದಿದರು. ಅಮ್ಮ ಒಂದು ಕ್ಷಣ ಅವರ ಮುಖ ನೋಡಿ, ಸುಮ್ಮನೆ ಉಪವಾಸ ಮಾಡಿದರು. ಸೋಮವಾರ ಮತ್ತೆ ಏನೂ ತಿನ್ನಲಿಲ್ಲ. "ಹೊಟ್ಟೆ ಸರಿಯಿಲ್ಲ ಕಣೋ" ಎಂದರು, ಆದರೆ ಬೆಳಗಿನಿಂದ ಜಪಮಣಿ ಕೈಬಿಡಲಿಲ್ಲ. ಹೊಟ್ಟೆನೋವಿಗೆ ಜಪ ಮದ್ದೆಂದು ನನಗೆ ಗೊತ್ತಿರಲಿಲ್ಲ.

ಇವತ್ತು ಹುಣ್ಣಿಮೆ, ಮರಳ ದಿಬ್ಬಕ್ಕೆ ಹೋಗಬೇಕಿತ್ತು. ಅಕ್ಕನಿಗೆ ತಲೆನೋವು ಬಂತು. ಎಂಥ ತಲೆನೋವೆಂದರೆ, ಭಾವ ಕೀ ಕೈಗೆತ್ತಿಕೊಂಡ ಕ್ಷಣ ಬಂದು, ಕೀ ಮೊಳೆಗೆ ಹೋದ ಕ್ಷಣ ಇಳಿಯಿತು. ಭಾವ ಬಿಡುವವರಲ್ಲ. 27ಕ್ಕೆ ಅಮಾವಾಸ್ಯೆ, ಅವತ್ತು ಎಲ್ಲರೂ ಹೋಗಲೇಬೇಕು, ಮೊಸರನ್ನ, ಕುರ್ಚಿ, ಥರ್ಮಾಸ್ ಫ್ಲಾಸ್ಕು ಸಮೇತ. ಒಂದಕ್ಕೆ ದಾಟಿ ಮೂರೂವರೆಗೆ ವಾಪಸು. "ತಲೆನೋವಿನ ಮಾತ್ರೆ ನಾನೇ ತರ್ತೀನಿ" ಎಂದು ಅಕ್ಕನಿಗೆ ಹೇಳಿದ್ದಾರೆ.

ಈಗಲೇ ನಡೆದು ಹೋಗಿ ಇದನ್ನು ಡಬ್ಬಕ್ಕೆ ಹಾಕುತ್ತೇನೆ, ಸಂಜೆ ನಾಲ್ಕಕ್ಕೆ ತೆಗೆಯುತ್ತಾರಂತೆ.

ನಿನ್ನ,
ವೇಣು

*

ಮೈಸೂರು
ಶುಕ್ರವಾರ, 21 ಜುಲೈ 1995

ಏನ್ರೀ,

ಕೂತು ಓದಿ. ಪಕ್ಕದಲ್ಲಿ ಯಾರೂ ಬೇಡ.

ನಿಮ್ಮ ಕಾಗದ ಇವತ್ತು ಬೆಳಿಗ್ಗೆ ನನ್ನ ಮೇಜಿಗೇ ಬಂತು. ಒಳಗೆ ಜುಲೈ 12 ಅಂತಿದೆ. ಲಕೋಟೆಯ ಮೇಲೆ ಅಲ್ಲಿನ ಮುದ್ರೆ ಜುಲೈ 10. ಬರೆಯೋ ಎರಡು ದಿನ ಮೊದಲೇ ಅಂಚೆಗೆ ಬಿದ್ದ ಕಾಗದವನ್ನ ನಾನು ಇದುವರೆಗೆ ನೋಡಿಲ್ಲ. ಮುದ್ರೆ ತಪ್ಪಿರಬಹುದು ಅಂತ ಮಸೂರ ಹಿಡಿದು ನೋಡಿದೆ. ನಮ್ಮ ಕಚೇರಿಯ ಕರಬಸಪ್ಪನವರಿಗೂ ತೋರಿಸಿದೆ. ಹತ್ತೇ.

ನಿಮ್ಮ ಮನೆ ಗೋಡೆ ಎರಡು ದಿನ ಮುಂದಿದೆ ಕಣ್ರೀ. ನಿಮ್ಮ ಭಾವನವರು ಮಧ್ಯಾಹ್ನ ಮಲಗಿ ಎದ್ದವರು ಬೆಳಗಾಯಿತು ಅಂದ್ಕೊಂಡು ಇನ್ನೊಂದು ಹಾಳೆ ಹರೀತಾರೆ. ನೀವೇ ಬರೆದಿದ್ದೀರಿ, ನಗಾಡ್ಕೊಂಡು. ಪಟಾಕಿ ತಡವಾಗಿ ಹಾರಲಿಲ್ಲ. ನೀವು ಮಂಗಳವಾರ ಅಂದದ್ದು ಭಾನುವಾರ, ಅದಕ್ಕೇ ಚರ್ಚು. ಏಕಾದಶಿ ಇದ್ದದ್ದು ಎಂಟಕ್ಕೇ, ಆದರೆ ನೀವು ಎಂಟು ಅಂದ ದಿನ ಆರು, ನವಮಿ. ಅತ್ತೆ ಎರಡನೇ ಸಲ ತಿನ್ನದೆ ಕೂತರಲ್ಲ, ಅದು ನಿಜವಾದ ಏಕಾದಶಿ. ಅತ್ತೆಗೆ ಗೊತ್ತು. ಅತ್ತಿಗೆಗೆ ಗೊತ್ತು. ತಲೆನೋವು ಸುಮ್ಮನೆ ಬರಲಿಲ್ಲ.

ನಮ್ಮಪ್ಪನಿಗೂ ಹೀಗೇ ಶುರುವಾಯಿತು. ಯಾವುದು ರಾತ್ರಿ ನಿದ್ದೆ, ಯಾವುದು ಮಧ್ಯಾಹ್ನದ್ದು ತಿಳಿಯದೆ ದಿನಕ್ಕೆ ಎರಡು ಸಲ ಅಂಗಿ ಹಾಕ್ಕೊಂಡು ಸ್ಕೂಲಿಗೆ ಹೊರಡ್ತಿದ್ರು, ರಿಟೈರಾಗಿ ಎಂಟು ವರ್ಷ ಆಗಿತ್ತು. ಮೇಷ್ಟ್ರಿಗೆ ಯಾರು ಹೇಳ್ತಾರೆ ಅಂತ ಊರೆಲ್ಲ ನಮಸ್ಕಾರ ಮಾಡಿ ದಾರಿ ಬಿಡ್ತಿತ್ತು. ಕೊನೆಯ ಸಲ ಸ್ಕೂಲಿನ ದಾರಿ ಬಿಟ್ಟು ಹೊಳೆ ದಾರಿ ಹಿಡಿದರು. ಆಗಲೂ ನಮಸ್ಕಾರ ಮಾಡಿ ದಾರಿ ಬಿಟ್ಟರು.

ಈಗ ಆ ಮರಳ ದಿಬ್ಬದ ಲೆಕ್ಕ. ಗೋಡೆ ಎರಡು ದಿನ ಮುಂದಿದ್ದರೆ ನೀರು ಅವರು ಹೇಳಿದ್ದಕ್ಕಿಂತ ಒಂದೂವರೆ ಗಂಟೆ ಮೊದಲೇ ಇಳಿದು ಮುಗಿದಿರುತ್ತೆ. ಇನ್ನೂ ಇಳೀತಿದೆ ಅಂತ ನೀವು ದಾಟುವಾಗ ಅದು ಏರ್ತಿರುತ್ತೆ. ವಾಪಸು ಬರುವ ಹೊತ್ತಿಗೆ ದಾರಿ ಇರಲ್ಲ. ಅತ್ತೆಗೆ ಎಪ್ಪತ್ನಾಲ್ಕು. ನಿಮಗೆ ಈಜು ಬರಲ್ಲ.

ಕಾಗದ ಹತ್ತು ದಿನ ತಗೊಳ್ಳುತ್ತೆ ಅಂತ ಇವತ್ತು ಸಂಜೆ ಆರಕ್ಕೆ ಬೂತಿನಿಂದ ಫೋನ್ ಮಾಡಿದೆ. ಅಲ್ಲಿ ಬೆಳಿಗ್ಗೆ ಎಂಟೂವರೆ. ನೀವು ಅತ್ತೆ ಜೊತೆ ವಾಕಿಂಗ್ ಹೋಗಿದ್ರಂತೆ. ಎತ್ತಿದ್ದು ನಿಮ್ಮ ಭಾವನವರು. ಎಷ್ಟು ಚೆನ್ನಾಗಿ ಮಾತಾಡಿದರು! ಅಮೂಲ್ಯಾಳ ಹೆಸರು ಹಿಡಿದು ಕೇಳಿದರು. ಅಂಥವರಿಗೆ ನಿಮಗೆ ಮರೆವು ಅಂತ ಹೇಗೆ ಹೇಳಲಿ? "ಇವರು ತಕ್ಷಣ ನನಗೆ ಫೋನ್ ಮಾಡಲಿ, ಕಾಗದದ ಮೇಲಿನ ಮುದ್ರೆ ವಿಷಯ, ದಿಬ್ಬಕ್ಕೆ ಹೋಗೋ ಮೊದಲೇ" ಅಂದೆ. "ಇರಮ್ಮ, ಬರ್ಕೋತೀನಿ" ಅಂದರು. ಪರ್ರ್ ಅಂತ ಹಾಳೆ ಹರಿದ ಸದ್ದೂ, ಪೆನ್ನಿನ ಸದ್ದೂ ಕೇಳಿಸಿತು. ಬರೆದುಕೊಂಡರಲ್ಲ ಅಂತ ಸಮಾಧಾನ.

ಗೋಡೆಯ 27 ಅಂದರೆ ನಿಜವಾದ 25, ಮಂಗಳವಾರ. ಅಷ್ಟರಲ್ಲಿ ನಿಮ್ಮ ಫೋನ್ ಬರದಿದ್ದರೆ ಮಂಗಳವಾರ ಬೆಳಿಗ್ಗೆ ಬೂತು ತೆಗೆದ ಕೂಡಲೇ ನಾನೇ ಮಾಡ್ತೀನಿ. ಅಲ್ಲಿ ಆಗ ಸೋಮವಾರ ಸಂಜೆ. ಇನ್ನೂ ಒಂದು ರಾತ್ರಿ ಉಳಿದಿರುತ್ತೆ.

ವರಲಕ್ಷ್ಮಿ

*

ವಿಲ್ಮಿಂಗ್ಟನ್ ಹತ್ತಿರ
ಸೋಮವಾರ, 24 ಜುಲೈ 1995

ವರಲಕ್ಷ್ಮೀ,

ನಿನ್ನಿಂದ ಸುದ್ದಿಯಿಲ್ಲ. ಅಮೂಲ್ಯಾ ಫೇಲಾದಳೋ, ನೀನು ಪಾಸಾದೆಯೋ?

ಬೆಳಿಗ್ಗೆ ಅಮ್ಮನೂ ನಾನೂ ವಾಕಿಂಗ್ ಮುಗಿಸಿ ಬಂದಾಗ ಭಾವ ಫೋನ್ ಇಡುತ್ತಿದ್ದರು. "ಯಾರದು ಭಾವ?" ಎಂದೆ. ತುಂಬ ಹೊತ್ತು ಯೋಚಿಸಿದರು. "ಪೋಸ್ಟಾಫೀಸಿನವರು. ಒಳ್ಳೇ ಹೆಣ್ಣುಮಗಳು. ಕಾಗದದ ಮೇಲಿಂದು ಏನೋ ಸರಿ ಇಲ್ಲವಂತೆ." ನಾನು ಕಳಿಸಿದ ಲಕೋಟೆಗೆ ಸ್ಟಾಂಪು ಸಾಲದೇ ಹೋಗಿರಬೇಕು. ಎಂಥ ಇಲಾಖೆ ನೋಡು, ಮನೆಗೆ ಫೋನ್ ಮಾಡಿ ಹೇಳುತ್ತಾರೆ. ನಿಮ್ಮವರು ಕಲಿಯಬೇಕು.

ಒಂದಕ್ಕೆ ಎರಡು ಸ್ಟಾಂಪು, ಜೋಡಿಗೆ ಜೋಡಿ,
ಇನ್ನಾದರೂ ಕಾಗದ ತಲುಪಲಿ ಓಡಿ.

ನಿನ್ನೆ ಅಕ್ಕ ಅಡುಗೆಮನೆಯಲ್ಲಿ ನನ್ನನ್ನು ಕರೆದು ಬಾಗಿಲು ಹಾಕಿದಳು. "ಇವರಿಗೆ ಈಚೆಗೆ ಒಂಚೂರು ಮರೆವು ವೇಣು. ನೀನು ಕಂಡಿರ್ತೀಯ." ನಾನೇನು ಕಂಡಿದ್ದೆ, ಆದರೂ ತಲೆ ಆಡಿಸಿದೆ. "ಶಶಾಂಕನ ಕಿವಿಗೆ ಹಾಕಬೇಡ ಕಣೋ. ಗೊತ್ತಾದರೆ ಮೊದಲು ಕಾರು ಕಿತ್ಕೋತಾನೆ. ಆಮೇಲೆ ಮನೆ ಮಾರಿ ಸ್ಟರ್ಲಿಂಗಲ್ಲಿ ಕೆಳಗಿನ ರೂಮಲ್ಲಿ ಇಡ್ತಾನೆ. ಆ ರೂಮಿಗೆ ಕಿಟಕಿ ಕೂಡ ಇಲ್ಲ. ಇವರು ಅಲ್ಲಿ ಒಂದು ವರ್ಷ ಬದುಕಲ್ಲ. ನಾನಿದೀನಿ, ನಾನು ನೋಡ್ಕೋತೀನಿ. ನನ್ನ ತಲೆ ಮುಟ್ಟಿ ಹೇಳು." ಮುಟ್ಟಿ ಹೇಳಿದೆ. ಅರವತ್ತೆಂಟಕ್ಕೆ ಮರೆವು ಬಾರದೆ ಹದಿನೆಂಟಕ್ಕೆ ಬರುತ್ತದೆಯೆ? ಅಕ್ಕ ಚಿಕ್ಕಂದಿನಿಂದಲೂ ಹಾಗೇ, ಹಾವಿನ ಪೊರೆಗೂ ಹೆದರುವವಳು.

ಗುರುವಾರ ಅಮಾವಾಸ್ಯೆ. ಭಾವ ಈಗಲೇ ಕುರ್ಚಿಗಳನ್ನು ಕಾರಿಗೆ ಹಾಕಿದ್ದಾರೆ. ಅಕ್ಕನಿಗೆ ಈ ಸಲ ತಲೆನೋವು ಬಂದಿಲ್ಲ. ಮಾತ್ರೆ ಬಂದಿದೆ.

ವೇಣು

*

ವಿಲ್ಮಿಂಗ್ಟನ್ ಹತ್ತಿರ
ಬುಧವಾರ, 26 ಜುಲೈ 1995. ಅಂಗಡಿಯವನನ್ನು ಕೇಳಿ ಹಾಕಿದ ತಾರೀಖು.

ವರಲಕ್ಷ್ಮೀ,

ಸೋಮವಾರ ಸಂಜೆ ನೀನು ಫೋನ್ ಮಾಡಿದಾಗ ಎಲ್ಲ ಚೆನ್ನಾಗಿದ್ದೇವೆ, ಸುತ್ತಾಡಿ ದಣಿದಿದ್ದೇವೆ ಎಂದೆ. ಸುಳ್ಳು. ಭಾವ ಪಕ್ಕದಲ್ಲೇ ನಿಂತಿದ್ದರು. ನೀನು "ಇವತ್ತು ಅಲ್ಲಿ 24 ಕಣ್ರೀ, ನಾಳೆ ಎಲ್ಲಿಗೂ ಹೋಗಬೇಡಿ" ಎಂದೆ. ನಾವು ಹೋಗಿ ಬಂದು ಐದು ಗಂಟೆಯಾಗಿತ್ತು. ಶುಕ್ರವಾರ ನೀನು ಹೇಳಿದ್ದನ್ನು ಬರೆದುಕೊಳ್ಳಲು ಭಾವ ಹರಿದ ಹಾಳೆ ಗೋಡೆಯದು. ಅದರೊಂದಿಗೆ ಮನೆ ಮೂರು ದಿನ ಮುಂದೆ ಹೋಯಿತು, ಗೋಡೆಯ 27 ನಿಜವಾದ 24ಕ್ಕೇ ಬಂತು. ಆ ಹಾಳೆ ಅವರ ಅಂಗಿಯ ಜೇಬಿನಲ್ಲಿ ಸಿಕ್ಕಿತು. ಒದ್ದೆಯಾಗಿತ್ತು. ಹಿಂದೆ "ಮುದ್ರೆ" ಎಂದು ಮಾತ್ರ ಇತ್ತು.

ಒಂದು ಗಂಟೆಗೆ ದಾಟಿದೆವು. ನೀರು ಮಂಡಿಗೆ ಬಂತು. ಹೋದ ಸಲ ಪಾದಕ್ಕಿತ್ತು. "ಇನ್ನೂ ಒಂದು ಗಂಟೆ ಇಳಿಯೋದಿದೆ" ಎಂದರು ಭಾವ. ಅಮ್ಮನನ್ನು ನಾನೂ ಅಕ್ಕನೂ ಎರಡು ಕಡೆ ಹಿಡಿದು ದಾಟಿಸಿದೆವು. ದಿಬ್ಬದ ಮೇಲೆ ಅವರಿಗೆ ಮೂರು ಕುರ್ಚಿ ಹಾಕಿ, ನಾನು ಮರಳಿನ ಮೇಲೇ ಕೂತು, ಎಲ್ಲರೂ ಮೊಸರನ್ನ ತಿಂದೆವು. ಭಾವ ಆ ಫೆರ್ರಿಯ ಕಥೆ ಹೇಳಿದರು, ಮುಗಿಸಿ ಮತ್ತೆ ಮೊದಲಿಂದ ಹೇಳಿದರು. ಅಕ್ಕ ಎರಡು ಸಲವೂ ನಕ್ಕಳು. ನಾನು ಬಂದ ದಾರಿಯ ಕಡೆ ನೋಡುತ್ತಿದ್ದೆ. ಅಲ್ಲಿ ನೀರಿನ ಬಣ್ಣ ಬದಲಾಗಿತ್ತು.

"ಭಾವ, ನೀರು ಏರ್ತಿದೆ ಅನ್ಸುತ್ತೆ."

"ಏರಲ್ಲ. ಇವತ್ತು ಅಮಾವಾಸ್ಯೆ."

"ಚಪ್ಪಲಿ ಬಿಟ್ಟ ಜಾಗ ಮುಳುಗಿದೆ ಭಾವ."

"ಅಲೆ ಬಂದಿರುತ್ತೆ. ಎರಡಾಗಲಿ ಇರು. ಎಂಜಿನಿಯರ್ ನೀನೋ ನಾನೋ?"

ಅಮ್ಮ, "ಅಳಿಯಂದಿರು ಹೇಳಿದ ಮೇಲೆ ಆಯ್ತು ಸುಮ್ನಿರೋ" ಎಂದರು. ಅವರ ಕಣ್ಣು ಮಾತ್ರ ನನ್ನನ್ನು ಬೇರೇನೋ ಕೇಳುತ್ತಿತ್ತು. ಅಕ್ಕ ಚೀಲ ಬಿಚ್ಚಿದಳು. ಡಬ್ಬಿಗಳ ಕೆಳಗಿಂದ ಕಿತ್ತಳೆ ಬಣ್ಣದ, ನೀರಲ್ಲಿ ತೇಲಿಸುವ ಎರಡು ಜಾಕೆಟ್ ತೆಗೆದಳು. ಊಟದ ಚೀಲದಲ್ಲಿ! ಎಷ್ಟು ದಿನದಿಂದ ಅವಳು ಅದನ್ನು ಹೊತ್ತು ತಿರುಗುತ್ತಿದ್ದಳೋ, ನಾನು ಕೇಳಲಿಲ್ಲ. ಒಂದನ್ನು ಅಮ್ಮನಿಗೆ ಕಟ್ಟಿದಳು, ಇನ್ನೊಂದನ್ನು ಭಾವನಿಗೆ. ಭಾವ, "ಬಿಸಿಲಿಗೆ ಇದೆಂಥದ್ದೇ" ಎಂದು ಬಿಚ್ಚಿ ಕುರ್ಚಿಗೆ ಹಾಕಿದರು.

"ನೀನು ಅಮ್ಮನ್ನ ದಾಟಿಸು" ಎಂದಳು ನನಗೆ. "ಇವರು ಏಳಲ್ಲ. ನಾನು ಇವರ ಜೊತೆ ಇರ್ತೀನಿ."

ಅಮ್ಮನನ್ನು ಬೆನ್ನಿಗೆ ಹಾಕಿಕೊಂಡು ನೀರಿಗಿಳಿದೆ. ಸೊಂಟ, ಎದೆ. ಪ್ರತಿ ಹೆಜ್ಜೆಗೂ ಮರಳು ಕಾಲ ಕೆಳಗಿಂದ ಜಾರುತ್ತಿತ್ತು. ಅಮ್ಮ ಕಿವಿಯ ಹತ್ತಿರ ಬಾಯಿಟ್ಟು ಹೇಳಿದರು: "ಬೆಳಗಿನ ಜಾವ ಚಂದ್ರ ಇದ್ದ ಕಣೋ, ಸಣ್ಣಗೆ, ಉಗುರಿನ ಹಾಗೆ. ಅಮಾವಾಸ್ಯೆ ಎಲ್ಲಿಂದ ಬರುತ್ತೆ?"

"ಗೊತ್ತಿದ್ದೂ ಯಾಕಮ್ಮ ಹೇಳಲಿಲ್ಲ?"

"ಅಳಿಯಂದಿರಿಗೆ ತಿಥಿ ತಪ್ಪು ಅಂತ ಹೇಳೋದಕ್ಕಾಗುತ್ತೇನೋ?"

ನೀರು ಗಂಟಲಿಗೆ ಬಂದಾಗ ಕಾಲು ನೆಲ ಬಿಟ್ಟಿತು. ಆಮೇಲೆ ನಡೆದದ್ದು ಸರಿಯಾಗಿ ನೆನಪಿಲ್ಲ. ಬಾಯಿ ತುಂಬ ಉಪ್ಪು, ಅಮ್ಮನ ಬಳೆ ನನ್ನ ಕತ್ತಿಗೆ ಒತ್ತಿದ್ದು, ಯಾರೋ ಇಂಗ್ಲಿಷಿನಲ್ಲಿ ಕೂಗಿದ್ದು. ಮೀನು ಹಿಡಿದು ಬರುತ್ತಿದ್ದ ದೋಣಿಯವರು ಇಬ್ಬರು. ಅಮ್ಮನನ್ನು ಜಾಕೆಟ್ಟಿನ ಪಟ್ಟಿ ಹಿಡಿದು ಎತ್ತಿದರು, ನನ್ನನ್ನು ಕೂದಲು ಹಿಡಿದು.

ದೋಣಿ ತಿರುಗಿಸಿ ದಿಬ್ಬಕ್ಕೆ ಹೋದಾಗ ದಿಬ್ಬವಿರಲಿಲ್ಲ. ನಡುಮಟ್ಟದ ನೀರಿನಲ್ಲಿ ಅಕ್ಕ ಎರಡು ಕೈಯಲ್ಲಿ ಭಾವನ ಸೊಂಟ ಹಿಡಿದು ನಿಂತಿದ್ದಳು. ಅಲೆ ಬಂದಾಗಲೆಲ್ಲ ಇಬ್ಬರೂ ಒಟ್ಟಿಗೆ ಬಾಗುತ್ತಿದ್ದರು. ಭಾವ ಒಂದು ಕುರ್ಚಿಯನ್ನು ಮಡಿಸಿ ತಲೆಯ ಮೇಲೆ ಎತ್ತಿ ಹಿಡಿದಿದ್ದರು, ನೆನೆಯಬಾರದೆಂದು. ದೋಣಿಯವನಿಗೆ ಇಂಗ್ಲಿಷಿನಲ್ಲಿ ಸಾವಧಾನವಾಗಿ ಹೇಳಿದರು, ನೀವು ಅರ್ಧ ಗಂಟೆ ಬೇಗ ಬಂದಿದ್ದೀರಿ, ಈಗ ಇಳಿಯುತ್ತೆ ಎಂದು.

ನಿನ್ನೆ ಬೆಳಿಗ್ಗೆ ಅವರಿಗೆ ಅದೊಂದೂ ನೆನಪಿರಲಿಲ್ಲ. ಚಪ್ಪಲಿ ಎಲ್ಲಿ ಎಂದು ಹುಡುಕಿದರು.

ನಾನು ಎರಡು ಮೈಲಿ ನಡೆದು, ಅಂಗಡಿಯ ಹೊರಗಿನ ಫೋನಿನಿಂದ ಶಶಾಂಕನಿಗೆ ಎಲ್ಲ ಹೇಳಿದೆ. "ಮಾಮಾ, ಹೌ ಲಾಂಗ್?" ಎಂದ. ಗೊತ್ತಿಲ್ಲ ಎಂದೆ. "ಅಮ್ಮಂಗೆ ಗೊತ್ತಿತ್ತಾ?" ಎಂದ. ಅದಕ್ಕೂ ಗೊತ್ತಿಲ್ಲ ಎಂದೆ. ಇವತ್ತು ನಾಲ್ಕಕ್ಕೆ ಬರುತ್ತಾನೆ. ನಾನು ಮನೆಗೆ ಬಂದು ಅಕ್ಕನಿಗೆ ಹೇಳಿದೆ. ಅವಳು ಬೈಯಲಿಲ್ಲ. ನನಗೆ ಊಟ ಬಡಿಸುತ್ತಾಳೆ, ಮಜ್ಜಿಗೆ ಮುಗಿದರೆ ಹಾಕುತ್ತಾಳೆ. ನಿನ್ನೆಯಿಂದ ಒಂದು ಮಾತೂ ಆಡಿಲ್ಲ. ನನ್ನ ಅಕ್ಕ ಇನ್ನು ನನ್ನ ಜೊತೆ ಮಾತಾಡುತ್ತಾಳೆಂದು ನನಗನ್ನಿಸುವುದಿಲ್ಲ.

ಕಾರಿನ ಕೀ ನನ್ನ ಜೇಬಿನಲ್ಲಿದೆ. ಈಗ ಒಂದು ಗಂಟೆಯ ಹಿಂದೆ ಭಾವ ಟೋಪಿ ಹಾಕಿಕೊಂಡು ಬಂದು ಮೊಳೆ ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ವೇಣು, ಕೀ ಕೊಡಪ್ಪ. ಶಶಾಂಕ ಬರ್ತಾನಂತೆ. ಅವನನ್ನ ಎಲ್ಲೆಲ್ಲಿ ಕರ್ಕೊಂಡು ಹೋಗೋದು ಅಂತ ಒಂದು ಸುತ್ತು ನೋಡ್ಕೊಂಡು ಬರ್ತೀನಿ."

"ಇಲ್ಲ ಭಾವ" ಎಂದೆ.

ಮೂವತ್ತೈದು ವರ್ಷದಲ್ಲಿ ಅವರ ಎದುರು ಕುರ್ಚಿಯಲ್ಲಿ ಕೂತವನಲ್ಲ ನಾನು. ಅವರು ಸಿಟ್ಟಾಗಲಿಲ್ಲ. ನೆಂಟರ ಮನೆಯಲ್ಲಿ ಕೇಳಬಾರದ್ದನ್ನು ಕೇಳಿದವರಂತೆ ನಾಚಿಕೊಂಡು ಗ್ಯಾರೇಜಿಗೆ ಹೋದರು. ಕಾರಿನ ಬಾಗಿಲು ಹಾಕಿದ ಸದ್ದಾಯಿತು. ಅಕ್ಕ ಸೀರೆ ಸೆರಗಿಗೆ ಕೈ ಒರೆಸಿಕೊಂಡು, ವ್ಯಾನಿಟಿ ಬ್ಯಾಗು ತೆಗೆದುಕೊಂಡು, ನನ್ನ ಮುಂದೆಯೇ ಹಾದು ಹೋಗಿ ಮುಂದಿನ ಸೀಟಿನಲ್ಲಿ ಕೂತಳು. ಸ್ವಲ್ಪ ಹೊತ್ತಿಗೆ ಅಮ್ಮನೂ ಮಂಡಿ ಹಿಡಿದುಕೊಂಡು ಹೋದರು. ಹಿಂದಿನ ಸೀಟಿನಲ್ಲಿ ಅವರು ಕೂತ ಕಡೆಯ ಬಾಗಿಲು ಮುಚ್ಚಿಕೊಂಡಿದೆ, ಇನ್ನೊಂದು ಕಡೆಯದು ತೆರೆದಿದೆ.

ಗ್ಯಾರೇಜಿಗೆ ತೆರೆಯುವ ಅಡುಗೆಮನೆಯ ಬಾಗಿಲಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಮೂವರೂ ಕಾಣುತ್ತಾರೆ. ಭಾವನ ಎರಡು ಕೈಯೂ ಸ್ಟೀರಿಂಗಿನ ಮೇಲಿದೆ. ಬಾಯಿ ಆಡುತ್ತಿದೆ. ಅಕ್ಕ ಏನೋ ಹೇಳಿದಳು, ಭಾವ ಸ್ಟೀರಿಂಗು ತಿರುಗಿಸಿದರು. ಈಗ ಒಂದು ಕೈ ಎತ್ತಿ ಬಲಗಡೆ ಏನನ್ನೋ ತೋರಿಸುತ್ತಿದ್ದಾರೆ. ಅಕ್ಕನೂ ಅಮ್ಮನೂ ಒಟ್ಟಿಗೆ ಆ ಕಡೆ ತಿರುಗಿ ನೋಡುತ್ತಿದ್ದಾರೆ. ಅಲ್ಲಿರುವುದು ಗ್ಯಾರೇಜಿನ ಗೋಡೆ.

ವೇಣು